ಸಂತೋಷ, ಶಾಂತಿ ಮತ್ತು ಬಾಡಿಗೆ ಮನೆ

"ಹಿಂದಿ ಬಂದವನಿಗೆ ಉರ್ದು ಬೋನಸ್ಸು ಕಣೇ," ಎಂದು ಹಿಂದಿ ಮೇಷ್ಟ್ರು ಕನ್ನಡಿಯ ಮುಂದೆ ಕ್ರಾಪು ತೀಡಿಕೊಳ್ಳುತ್ತಾ ಸಾರಿದರು. "ಅವರು ಬಲಗಡೆಯಿಂದ ಬರೀತಾರೆ, ನಾವು ಎಡಗಡೆಯಿಂದ. ಬಾಯಿಗೆ ಎಡ ಬಲ ಎಲ್ಲಿದೆ? ನೀನು ಸುಮ್ಮನೆ ಕೂತಿರು, ಮಾತು ನನಗೆ ಬಿಡು."

ಹೆಂಡತಿಯ ಅಭ್ಯಂತರವೇನೂ ಇರಲಿಲ್ಲ. ಅವರಿಗೆ ಹಿಂದಿಯೂ ಬಾರದು, ಉರ್ದುವೂ ಬಾರದು. ಆದರೆ ಮನೆ ಮಾತ್ರ ಬೇಕೇ ಬೇಕಿತ್ತು. ಈಗಿದ್ದ ಮನೆಯನ್ನು ಕೆಡವಲು ಬಂದವರು ಬಚ್ಚಲಿನ ಬಾಗಿಲನ್ನು ಆಗಲೇ ಕಿತ್ತು ಒಯ್ದಿದ್ದರು.

ಊರೆಲ್ಲ ಅಲೆದ ಮೇಲೆ ಸಿಕ್ಕಿದ್ದು ಇದೊಂದೇ. ಮಹಡಿಯ ಮೇಲೆ ಉರ್ದು ಮಾತಾಡುವ ಮನೆಯೊಡತಿ ಅಜ್ಜಿ, ಕೆಳಗಿನ ಮನೆ ಖಾಲಿ. ಅಜ್ಜಿಯ ಷರತ್ತೂ ಒಂದೇ: ಗಂಡ ಹೆಂಡತಿ ಇಬ್ಬರೇ ಇರಬೇಕು, ಮೂರನೆಯ ತಲೆ ಕಾಣಬಾರದು.

ಮಹಡಿಯಲ್ಲಿ ಅಜ್ಜಿಯ ಎದುರು ಕೂತಾಗ ಶುರುವಿನಲ್ಲಿ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು.

"ಪಾನಿ ಆತಾ ಹೈ?" ಎಂದರು ಮೇಷ್ಟ್ರು.

"ಆತಾ ಹೈ," ಎಂದರು ಅಜ್ಜಿ.

"ಹವಾ?"

"ವೋ ಭೀ ಆತೀ ಹೈ."

ನೀರೂ ಬರುತ್ತೆ, ಗಾಳಿಯೂ ಬರುತ್ತೆ, ನೋಡಿದೆಯಾ ಎನ್ನುವಂತೆ ಮೇಷ್ಟ್ರು ಹೆಂಡತಿಯ ಕಡೆ ಹುಬ್ಬು ಹಾರಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಮನೆ ಅವರದಾಗುತ್ತಿತ್ತು. ಆದರೆ ಅವರೊಳಗಿನ ತರಗತಿಯ ಹಿಂದಿ ಎದ್ದು ನಿಂತು, ಗಂಟಲು ಸರಿಪಡಿಸಿಕೊಂಡಿತು.

"ಹಮ್ ಸಂತೋಷ್ ಔರ್ ಶಾಂತಿ ಕೇ ಸಾಥ್ ರಹೇಂಗೆ."

ಸಂತೋಷದಿಂದ, ಶಾಂತಿಯಿಂದ ಇರುತ್ತೇವೆ ಎಂದು ಅವರು ಹೇಳಿದ್ದು. ಅಜ್ಜಿಯ ಪಾಲಿಗೆ ಅವೆರಡೂ ಮನುಷ್ಯರ ಹೆಸರು. ಅವರು ಕನ್ನಡಕ ಏರಿಸಿಕೊಂಡು, "ಯೇ ದೋನೋಂ ಕೌನ್ ಹೈಂ?" ಎಂದು ಕೇಳಿದರು.

ಯಾರಿವರಿಬ್ಬರು ಎಂಬ ಪ್ರಶ್ನೆ ಮೇಷ್ಟ್ರ ಕಿವಿಗೇ ಬೀಳಲಿಲ್ಲ. ಅವರು ಭಾಷಣದ ಓಟದಲ್ಲಿದ್ದರು. "ಯಹಾಂ ಆನಂದ್ ಭೀ ಆಯೇಗಾ," ಎಂದು ಮುಂದುವರಿಸಿದರು.

ಅಜ್ಜಿ ಬೆರಳು ಮಡಿಸಿದರು. ಗಂಡ, ಹೆಂಡತಿ, ಸಂತೋಷ್, ಶಾಂತಿ, ಈಗ ಆನಂದ್ ಕೂಡ ಬರುತ್ತಾನಂತೆ. "ಪಾಂಚ್ ಲೋಗ್? ಮಾಫ್ ಕೀಜಿಯೇ," ಎಂದು ಎದ್ದೇಬಿಟ್ಟರು.

ಗಾಬರಿಯಲ್ಲಿ ಮೇಷ್ಟ್ರ ಬಾಯಿಂದ ಇನ್ನೂ ಶುದ್ಧವಾದ ಹಿಂದಿಯೇ ಉದುರಿತು: "ಕ್ಷಮಾ… ಭ್ರಮ್… ಸ್ಪಷ್ಟೀಕರಣ್…"

ವಿಚಿತ್ರವೆಂದರೆ ಒಂದೊಂದು ಪದವೂ ಹೆಂಡತಿಗೆ ತಿಳಿಯುತ್ತಿತ್ತು, ಎಲ್ಲ ಕನ್ನಡದಲ್ಲೂ ಇರುವವೇ. ಅಜ್ಜಿಗೆ ಮಾತ್ರ ಒಂದೂ ತಿಳಿಯುತ್ತಿರಲಿಲ್ಲ. ಹೆಂಡತಿ ಇನ್ನು ತಡೆಯಲಾರದೆ ಹೋಗಿ ಅಜ್ಜಿಯ ಕೈ ಹಿಡಿದುಕೊಂಡರು.

"ಅಮ್ಮಾ, ಸಂತೋಷ್ ಅಂದ್ರೆ ಖುಷಿ. ಆನಂದ್ ಅಂದ್ರೆ ಮಜಾ. ಶಾಂತಿ ಅಂದ್ರೆ, ತಕರಾರು ಇಲ್ಲ." ಎರಡು ಬೆರಳು ಎತ್ತಿದರು. "ನಾವು ಇಷ್ಟೇ. ನೀವು ಮಾಲೀಕ್. ರಾಜೀನಾ?"

ಖುಷಿ, ಮಜಾ, ತಕರಾರು, ಎಲ್ಲ ತಮ್ಮದೇ ಮಾತು! ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೀಲಿಕೈಯನ್ನು ಹೆಂಡತಿಯ ಅಂಗೈಯಲ್ಲಿಟ್ಟು, ಕೆನ್ನೆ ಸವರಿ, ಉರ್ದುವಿನಲ್ಲಿ ಉದ್ದಕ್ಕೆ ಏನೋ ಹೇಳಿದರು.

ಮೆಟ್ಟಿಲಿಳಿಯುವಾಗ ಹೆಂಡತಿ ಕೇಳಿದರು, "ರೀ, ಏನಂದ್ರು ಅವರು?"

"ನಿನ್ನ ಉರ್ದು ಬಹಳ ಸೊಗಸಾಗಿದೆಯಂತೆ."

"ನಿಮ್ಮನ್ನ ನೋಡ್ಕೊಂಡು ಇನ್ನೇನೋ ಹೇಳಿದ್ರಲ್ಲ?"

ಮೇಷ್ಟ್ರು ಗೋಡೆ ನೋಡಿದರು.

"'ಪಾಪ, ನಿಮ್ಮ ಯಜಮಾನರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ವಾ' ಅಂದ್ರು."