ಇಂಜಿನ್ನಿಗೆ ಐಸ್ ಇಟ್ಟ ದಿನ

ಗಡಹಿಂಗ್ಲಜದಲ್ಲಿ ಗಾಡಿಗಳ ವೈರಿಂಗ್ ಅಂಗಡಿಯನ್ನು ಒಬ್ಬ ಹೆಂಗಸು ನಡೆಸಿದರೆ ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಹಾರ್ನ್ ಹೊಡೆಯುತ್ತ ಬಾಗಿಲಿಗೆ ಬರುತ್ತದೆ. ಹೋದ ಚಳಿಗಾಲದಲ್ಲಿ ಒಂದೇ ಡೀಸೆಲ್ ಕಾರು ಇಷ್ಟೆಲ್ಲ ಹೊತ್ತು ತಂದಿತು.

ದೊಡ್ಡ ಮಿಸ್ತ್ರಿ

ಕಾರಿನಿಂದ ಇಳಿದವರು ಇಚಲಕರಂಜಿಯ ಪವರ್‌ಲೂಮ್ ಸಾಹುಕಾರರು. ಹಿಂದಿನ ಸೀಟಿನಲ್ಲಿ ಅವರ ತಾಯಿ ಕೈಚೀಲ ಅಪ್ಪಿಕೊಂಡು ಕೂತಿದ್ದರು. ಇಲ್ಲೇ ಹತ್ತಿರದ ತವರೂರು ನೂಲಕ್ಕೆ ಬಂದಿದ್ದರಂತೆ. ಬೆಳಿಗ್ಗೆ ಕಾರು ಕೈಕೊಟ್ಟಿತ್ತು.

ಸಾಹುಕಾರರು ನನ್ನನ್ನು ದಾಟಿ ಅಂಗಡಿಯ ಒಳಗೆ ಇಣುಕಿದರು. ಬಂದವರೆಲ್ಲ ಹಾಗೆಯೇ ಇಣುಕುತ್ತಾರೆ, ಒಳಗೆ ಯಾರೋ ಗಂಡಸು ಮಲಗಿದ್ದಾನೆ ಅನ್ನುವ ಹಾಗೆ.

"ಮಿಸ್ತ್ರಿ ಎಲ್ಲಿ ಅದಾರ್ರಿ?"

"ನಾನಽ ಮಿಸ್ತ್ರಿ."

"ಅಲ್ಲರಿ ಬಾಯೀ, ದೊಡ್ಡ ಮಿಸ್ತ್ರಿ?"

ಪಕ್ಕದಲ್ಲಿ ಸ್ಟೂಲ್ ಇತ್ತು. ಹತ್ತಿ ನಿಂತೆ. "ಈಗ ನೋಡ್ರಿ, ದೊಡ್ಡಾಕಿ ಆಗೇನಿ. ಬಾನೆಟ್ ತಗೀರಿ."

ಎಣ್ಣೆಗೆ ಬಿಸಿನೀರು

ರೋಗ ಇಷ್ಟು: ಚಳಿ ಬಿದ್ದ ಬೆಳಿಗ್ಗೆ ಫ್ಯೂಸ್ ಸುಡುತ್ತದೆ, ಕಾರು ಏಳುವುದಿಲ್ಲ. ಬಿಸಿಲೇರಿದ ಮೇಲೆ ಹೊಸ ಫ್ಯೂಸ್ ಹಾಕಿದರೆ ಏನೂ ಆಗಿಲ್ಲ ಎಂಬಂತೆ ಓಡುತ್ತದೆ. ಕೊಲ್ಲಾಪುರದ ಗ್ಯಾರೇಜಿನಲ್ಲಿ ಒಂದು ಸಲ, ಇಚಲಕರಂಜಿಯಲ್ಲಿ ಇನ್ನೊಂದು ಸಲ, ಫಿಲ್ಟರಿನ ಹೀಟರನ್ನೇ ಬದಲಾಯಿಸಿದ್ದರು. ತಂಪಿಗೆ ಡೀಸೆಲ್ ದಪ್ಪಗಾಗಬಾರದೆಂದು ಆ ಹೀಟರ್ ಇರುತ್ತದೆ. ಫಿಲ್ಟರಿನ ತಲೆಯಲ್ಲಿರುವ ಸ್ವಿಚ್ ತಂಪಿದ್ದಾಗ ಮಾತ್ರ ತಾನಾಗಿ ಹೀಟರಿನ ವೈರಿಗೆ ಕರೆಂಟ್ ಬಿಡುತ್ತದೆ. ಈ ಕಾರಿನಲ್ಲಿ ಹೀಟರಿಗೂ ಡೀಸೆಲ್ ಪಂಪಿಗೂ ಒಂದೇ ಫ್ಯೂಸ್, ಅದು ಹೋದರೆ ಕಾರೂ ಏಳುವುದಿಲ್ಲ.

ನಾನು ಇದನ್ನು ಹೇಳುತ್ತಿರುವಾಗ ಎದುರು ಗ್ಯಾರೇಜಿನ ಮಾಲೀಕ ಚಹಾದ ಕಪ್ ಹಿಡಿದೇ ರಸ್ತೆ ದಾಟಿ ಬಂದ. ನನ್ನ ಅಂಗಡಿ ಮುಚ್ಚುವ ದಿನಕ್ಕಾಗಿ ಅಷ್ಟು ನಿಷ್ಠೆಯಿಂದ ಕಾದವರು ಬೇರೆ ಯಾರೂ ಇಲ್ಲ.

"ಡೀಸೆಲ್‌ಗೆ ಹೀಟರ್ ಅಂತ! ನಮ್ಮ ಮನ್ಯಾಗ ನನ್ನ ಜಳಕಕ್ಕ ಹೀಟರ್ ಇಲ್ಲ," ಅಂದ. "ಅಕ್ಕಾ, ಕೊಲ್ಲಾಪುರದವರಿಗೆ ಸಿಗಲಾರದ್ದು ನಿನಗ ಸಿಗತೈತೇನ? ಸಿಗಲಿಲ್ಲಂದ್ರ ಬೋರ್ಡ್ ಇಳಸ್ತಿ?"

ಆ ಬೋರ್ಡಿನ ಅಕ್ಷರಗಳನ್ನು ನಾನೇ ಬರೆದಿದ್ದೆ. ಶಾಲೆ ಅರ್ಧಕ್ಕೆ ಬಿಟ್ಟವಳು, ಕಿರಾಣಿ ಪುಡಿಕೆ ಕಟ್ಟಿದ ಪೇಪರು ಬಿಚ್ಚಿ ಓದಿ ಓದಿ ಕಲಿತ ಅಕ್ಷರ. ಇಳಿಸುವ ಮಾತು ಕೇಳಿ ಮೈ ಉರಿಯಿತು.

"ಇಳಸ್ತೇನಿ. ಸಿಕ್ಕರ?"

"ಸಿಕ್ಕರ ನನ್ನ ಗ್ಯಾರೇಜಿನ ವೈರಿಂಗ್ ಕೆಲಸ ಎಲ್ಲಾ ನಿನಗ."

ಸಾಹುಕಾರರಿಗೆ ಗಾಬರಿ. "ಅಲ್ಲರಿ, ನಿಮ್ಮ ಬೋರ್ಡ್ ಇಳದ್ರ ನನ್ನ ಗಾಡಿ ಹೆಂಗ ಏಳತೈತಿ?"

ಬರ್ಫ್ ಯಾರಿಗೆ?

ಹೊತ್ತು ನೆತ್ತಿಗೆ ಬಂದಿತ್ತು. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ಮರೆಯುವ ರೋಗಿಯ ಹಾಗೆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಚಳಿಯ ರೋಗವನ್ನು ಬಿಸಿಲಲ್ಲಿ ಹಿಡಿಯುವುದು ಹೇಗೆ? ಹಿಂದಿನವರೆಲ್ಲ ಎಡವಿದ್ದು ಇಲ್ಲೇ. ಮೂಲೆಯ ಕಬ್ಬಿನ ಹಾಲಿನ ಅಂಗಡಿಗೆ ಹೋಗಿ ಬರ್ಫ್, ಅಂದರೆ ಐಸ್, ಕೇಳಿದೆ.

"ಎಷ್ಟ ಗ್ಲಾಸ್ ಮಾಡ್ಲಿ ಅಕ್ಕಾ?"

"ಗ್ಲಾಸ್ ಬ್ಯಾಡ, ಬರೇ ಬರ್ಫ್ ಕೊಡು. ಇಂಜಿನ್ನಿಗೆ."

ಅವನು ಬರ್ಫ್ ಕೊಟ್ಟವನೇ ಗಿರಾಕಿಗಳನ್ನು ಬಿಟ್ಟು ನನ್ನ ಹಿಂದೆಯೇ ಬಂದ. ಅವನ ಹಿಂದೆ ಗಿರಾಕಿಗಳೂ ಬಂದರು. ನಾನು ಬರ್ಫನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫಿಲ್ಟರಿನ ತಲೆಯ ಮೇಲೆ ಇಟ್ಟೆ.

"ಜ್ವರ ಬಂದೇತೇನ ಇಂಜಿನ್ನಿಗೆ?" ಎದುರಿನವನು ಕೇಳಿದ.

"ಇಲ್ಲ. ಬರಸಾಕತ್ತೇನಿ."

ಬಂತು. ಚಾವಿ ತಿರುವಿದೊಡನೆ ಫ್ಯೂಸ್ ಸುಟ್ಟಿತು. ಜನ "ಅಯ್ಯೋ" ಅಂದರು, ನಾನು ಚಪ್ಪಾಳೆ ಹೊಡೆದೆ. ಹೀಟರಿನ ಪ್ಲಗ್ ಕಿತ್ತು ಬೇರೆ ಫ್ಯೂಸ್ ಹಾಕಿದೆ. ಅದೂ ಸುಟ್ಟಿತು. ಹೀಟರೇ ಜೋಡಿಸಿಲ್ಲ, ಆದರೂ ಫ್ಯೂಸ್ ಹೋಗುತ್ತದೆ ಅಂದಮೇಲೆ ತಪ್ಪು ಹೀಟರಿನದಲ್ಲ, ಅಲ್ಲಿಗೆ ಹೋಗುವ ವೈರಿನದು.

ಸಾಹುಕಾರರು ಕಣ್ಣು ಮುಚ್ಚಿಕೊಂಡರು. "ಹಂಗಾರ ಎರಡೂ ಹೀಟರ್ ಸುಮ್ಮನ ಸತ್ತೂ ಅನ್ರಿ."

ಅಮಾವಾಸ್ಯೆಯ ಗಂಟು

ವೈರಿನ ಮೇಲೆ ಬೆರಳಾಡಿಸುತ್ತ ಫಿಲ್ಟರಿನ ಕೆಳಗೆ ಹೋದೆ. ಕಣ್ಣಿಗೆ ಕಾಣದ ಜಾಗದಲ್ಲಿ ಏನೋ ಚುಚ್ಚಿತು. ತೆಳುವಾದ ತಾಮ್ರದ ತಂತಿ! ಒಂದರ ಮೇಲೊಂದು ಸುತ್ತು, ಸುತ್ತಿಗೊಂದು ಗಂಟು. ವೈರಿನ ಸಿಪ್ಪೆಯನ್ನು ಕಚ್ಚಿ ತಿಂದು, ತುದಿ ಕಬ್ಬಿಣಕ್ಕೆ ತಾಗಿಕೊಂಡಿತ್ತು. ಶಾರ್ಟ್ ಆಗುತ್ತಿದ್ದುದು ಇಲ್ಲೇ.

"ಇದನ್ನ ಯಾವ ಮಿಸ್ತ್ರಿ ಕಟ್ಟ್ಯಾನ?"

ಸಾಹುಕಾರರು ಮೆಲ್ಲಗೆ ಹಿಂದಿನ ಸೀಟಿನ ಕಡೆ ನೋಡಿದರು. ಅಲ್ಲಿ ಕೂತಿದ್ದ ಅವರ ತಾಯಿ, ಆ ಅಜ್ಜಿ, ಇಳಿದು ಬಂದರು.

"ಮಿಸ್ತ್ರಿ ಅಲ್ಲವಾ, ನಾ ಕಟ್ಟೇನಿ. ಅಮಾಸಿಗೊಮ್ಮಿ ನಿಂಬಿಕಾಯಿ, ಮೆಣಸಿನಕಾಯಿ. ಮುಂದ ಕಟ್ಟಿದ್ರ ಇಂವಗ ನಾಚಿಕಿ, ಅದಕ್ಕ ಒಳಗ. ದಾರ ಇಂಜಿನ್ ಬಿಸಿಗೆ ಸುಡತೈತಿ, ಅದಕ್ಕ ತಂತಿ."

"ಗ್ಯಾರೇಜಿಗೆ ಹೋಗೋ ಮುಂದ ನಾನು ನಿಂಬಿಕಾಯಿ ಕಿತ್ತ ಒಗೀತಿದ್ದೆ," ಮಗ ತಲೆ ತಗ್ಗಿಸಿ ಹೇಳಿದರು. "ತಂತಿ ಅಲ್ಲೇ ಉಳೀತಿತ್ತು."

"ಮತ್ತ ಫ್ಯೂಸ್ ಹೋದಾಗ ಏನ ಮಾಡತಿದ್ರಿ ಅಜ್ಜಿ?"

"ದೃಷ್ಟಿ ಜೋರ ಆಗೇತಿ ಅಂತ ಇನ್ನೊಂದ ಕಟ್ಟತಿದ್ದೆ."

ತಂತಿಯನ್ನೆಲ್ಲ ಕತ್ತರಿಸಿ, ಗಾಯವಾದ ವೈರ್ ತೆಗೆದು ಹೊಸದು ಹಾಕಿದೆ. ಮತ್ತೆ ಬರ್ಫ್ ಇಟ್ಟೆ. ಚಾವಿ ತಿರುವಿದರೆ ಫ್ಯೂಸ್ ಗಟ್ಟಿ ಇತ್ತು, ಹೀಟರ್ ಕೈಗೆ ಬೆಚ್ಚಗೆ ಹತ್ತಿತು, ಕಾರು ಒಂದೇ ಏಟಿಗೆ ಎದ್ದಿತು. ಎದುರಿನವನ ಚಹಾ ಕಪ್ಪಿನಲ್ಲೇ ತಣ್ಣಗಾಗಿತ್ತು. ಪಂದ್ಯ ಸೋತವನು ಅದನ್ನು ಹಿಡಿದೇ ತನ್ನ ಗ್ಯಾರೇಜಿಗೆ ಮರಳಿದ.

"ಆಯೀ, ಎಲ್ಲಾ ನಿನ್ನಿಂದನ ಆಗಿದ್ದು ನೋಡು!" ಸಾಹುಕಾರರು ರೇಗಿದರು.

ಅಜ್ಜಿ ಜಗ್ಗಲಿಲ್ಲ. "ಹೌದು, ನನ್ನಿಂದನ. ಗಾಡಿ ಮನಿ ಮುಂದನ ನಿಂತಿರತಿತ್ತು, ಅದಕ್ಕ ಇಲ್ಲೀತನಕ ಒಂದಾರ ಆಕ್ಸಿಡೆಂಟ್ ಆಗೇತೇನ?"

ಅಜ್ಜಿ ಕೈಚೀಲದಿಂದ ಹೊಸ ನಿಂಬೆಹಣ್ಣು, ಮೆಣಸಿನಕಾಯಿಯ ಸರ ತೆಗೆದರು. ನಾನು ಬಾನೆಟ್ಟಿಗೆ ಅಡ್ಡ ನಿಂತೆ.

"ಅಜ್ಜಿ, ಇಲ್ಲಿ ಮಾತ್ರ ಬ್ಯಾಡ್ರಿ."

"ಸರೀವಾ. ಇದಕ್ಕ ಈಗ ಯಾಕ ಬೇಕ? ನೀ ಅದೀಯಲ್ಲ."

ಅಷ್ಟು ಹೇಳಿ ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿದರು. ಎದುರು ಗ್ಯಾರೇಜಿನ ಶಟರಿಗೆ ಆ ಸರವನ್ನು ಬಿಗಿಯಾಗಿ ಕಟ್ಟಿ, ಮಾಲೀಕನ ಬೆನ್ನು ತಟ್ಟಿದರು.

"ತಮ್ಮಾ, ಇನ್ನ ಮ್ಯಾಲ ಇದು ನಿನಗ ಬೇಕಾಗತೈತಿ."