ಬ್ರೊಕೋಲಿಯೂ ಮಾವನ ಕೈಗುಣವೂ

ಸಸ್ಯಶಾಸ್ತ್ರ ಪಾಠ ಮಾಡುವವನಿಗೆ ಗಿಡ ಬೆಳೆಸಲೂ ಬರುತ್ತದೆಂದು ಜನ ಏಕೆ ನಂಬುತ್ತಾರೋ ನನಗೆ ತಿಳಿಯದು. ಹುಣಸೂರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಬೇರು, ಕಾಂಡ, ಎಲೆ ಅಂತ ಮಾತಾಡಿದ್ದೇನೆ. ಮನೆಯ ತುಳಸಿ ಮಾತ್ರ ನನ್ನ ಕೈ ತಾಗಿದರೆ ಒಣಗುತ್ತದೆ. ಹೆಂಡತಿ ಶೈಲಜ ಬಿಳಿಕೆರೆ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯವಳು. "ಇವರದೆಲ್ಲ ಬೋರ್ಡ್ ಮೇಲಿನ ಬೇಸಾಯ ಬುಡಿ," ಎಂದು ನೆಂಟರೆದುರು ಅವಳು ಅಂದದ್ದು ನನಗೆ ನಾಟಿತು. ಹಾಗಾಗಿ ಈ ಸಲ ಚಳಿ ಶುರುವಾಗುವ ಹೊತ್ತಿಗೆ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಮಣ್ಣು ತುಂಬಿ, ಮೊಣಕಾಲೆತ್ತರದ ಎರಡು ಮಡಿ ಕಟ್ಟಿದೆ. ಒಂದಕ್ಕೆ ಮೂಲಂಗಿ, ಕ್ಯಾರೆಟ್ಟು. ಇನ್ನೊಂದಕ್ಕೆ ಬ್ರೊಕೋಲಿ. ಹೂಕೋಸಿನ ಈ ಹಸಿರು ದಾಯಾದಿಯನ್ನು ನಮ್ಮ ಬೀದಿಯಲ್ಲಿ ಯಾರೂ ಬೆಳೆದಿರಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಸಸಿ ಚಿಗುರುವ ಮೊದಲೇ ನಾಲ್ವರು ಸಹೋದ್ಯೋಗಿಗಳನ್ನು ಬ್ರೊಕೋಲಿ ಊಟಕ್ಕೆ ಕರೆದುಬಿಟ್ಟೆ.

ಆಗಲೇ ಮಾವ ಬಂದರು. ಮಂಡಿ ಆಪರೇಷನ್ ಆಗಿ, ಜಮೀನು ಗುತ್ತಿಗೆಗೆ ಕೊಟ್ಟು ನಮ್ಮ ಮನೆ ಸೇರಿದ್ದರು. ನಲವತ್ತು ವರ್ಷ ಹೊಗೆಸೊಪ್ಪು ಬೆಳೆದ ಮನುಷ್ಯ ಟೀವಿ ಮುಂದೆ ಕೂತು ಗೋಡೆ ನೋಡುತ್ತಿದ್ದರು. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಶೈಲಜ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ನಾನೇ, "ಮಾವ, ಮಡಿ ಸ್ವಲ್ಪ ನೋಡ್ಕೊಳ್ತೀರಾ?" ಅಂದೆ. ಎತ್ತರದ ಮಡಿ, ಬಗ್ಗಬೇಕಿಲ್ಲ. ಸ್ಟೂಲ್ ಹಾಕಿಕೊಂಡು ಕೂತರು. ಎರಡೇ ವಾರದಲ್ಲಿ ಮುದ್ದೆ ಪೂರ್ತಿ ಖಾಲಿಯಾಗತೊಡಗಿತು.

ಬ್ರೊಕೋಲಿಯ ಎಲೆಗಳು ಮೊರದಗಲವಾದವು. ಹೂವಿನ ಗೊಂಚಲು ಮಾತ್ರ ಕಾಣದು. ನಾನು ಗಿಡದ ಹತ್ತಿರ ಹೋಗಿ ನೋಡುವ ಬದಲು ಪುಸ್ತಕ ತಿರುವಿದೆ, ಚಳಿ ಸಾಲದೆಂದು ವಿದ್ಯಾರ್ಥಿಗಳಿಗೆ ಕಾರಣ ಸಮೇತ ವಿವರಿಸಿದೆ. ಊಟಕ್ಕೆ ಮೂರು ದಿನವಿರುವಾಗ ಬೆಳಿಗ್ಗೆ ಹಿತ್ತಲಿಗೆ ಹೋದರೆ, ಮಾವ ಗಿಡದ ನಡುವೆ ಬೆರಳಿಟ್ಟು ಚಿಟಕ್ಕನೆ ಏನೋ ಮುರಿದರು. ಅಂಗೈಯಲ್ಲಿ ಹಸಿರು ಮೊಗ್ಗಿನ ಪುಟ್ಟ ಗೊಂಚಲು.

"ಏನು ಮಾವ ಅದು?"

"ಊವ ಕಣ್ರೀ ಅಳಿಯಂದ್ರೇ. ಬುಟ್ರೆ ಸತ್ವವೆಲ್ಲ ಊವಿಗೇ ಓಯ್ತದೆ, ಎಲೆ ಬಲಿಯಾಕಿಲ್ಲ. ನಡುಗಡೆ ಮುರುದ್ರೆ ಪಕ್ಕದಲ್ಲಿ ಮರಿ ಬತ್ತವೆ, ಅವ್ನೂ ಬುಡಬಾರ್ದು. ದಿನಾ ನೋಡ್ತೀನಿ, ಒಂದೂ ಬುಟ್ಟಿಲ್ಲ."

ಹೊಗೆಸೊಪ್ಪಿಗೆ ಮಾಡುವ ಆರೈಕೆಯನ್ನೇ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲದೆ ಮಾಡಿದ್ದರು. ಬ್ರೊಕೋಲಿಯಲ್ಲಿ ತಿನ್ನುವುದೇ ಆ ಹೂವನ್ನು. ಬೈಯಲಾರೆ, ಆದರೆ ಹೇಳಬೇಕಲ್ಲ ಎಂದು ಬಾಯಿ ತೆರೆದೆ. ಅವರು ಕೈಯ ಮಣ್ಣನ್ನು ಪಂಚೆಗೆ ಒರೆಸಿ, ಎಲೆಯೊಂದನ್ನು ಸವರುತ್ತಾ, "ನನ್ ಕೈ ಇನ್ನೂ ಕೆಟ್ಟಿಲ್ಲ, ಅಲ್ವಾ?" ಅಂದರು.

"ಇಲ್ಲ ಮಾವ," ಅಂದೆ. ಬಾಗಿಲಲ್ಲಿ ನಿಂತಿದ್ದ ಶೈಲಜ ನನ್ನ ಕಡೆ ನೋಡಿದಳು. ಅಂಥ ನೋಟ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಭಾನುವಾರ ಬಂದವರಿಗೆ ಮುದ್ದೆ, ಬ್ರೊಕೋಲಿ ಸೊಪ್ಪಿನ ಬಸ್ಸಾರು, ಅದರದೇ ಪಲ್ಯ. ಚಪ್ಪರಿಸಿ ತಿಂದರು. ಮಾವ ಎಲ್ಲರಿಗೂ ಕೇಳುವಂತೆ, "ನಮ್ಮಳಿಯಂದ್ರು ಓದ್ದೋರು, ಪಾಪ, ಊವ ಬುಟ್ಕೊಂಡು ಕುಂತಿರೋರು. ನಾನಿಲ್ದಿದ್ರೆ ಬೆಳೆ ಕೆಟ್ಟೋಯ್ತಿತ್ತು," ಎಂದರು. ರಸಾಯನಶಾಸ್ತ್ರದ ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಮೂಲಂಗಿ ಕಿತ್ತ ಮಡಿಗೂ ಈಗ ಬ್ರೊಕೋಲಿಯೇ ಆಗಬೇಕೆಂದು ಮಾವನ ಅಪ್ಪಣೆಯಾಗಿದೆ, ಬೀಜ ತರಿಸಿದ್ದೇನೆ. ನಮ್ಮ ಸೀಮೆಯಲ್ಲಿ ಅಳಿಯಂದಿರು ಮಾವನ ಕಣ್ಣು ತಪ್ಪಿಸಿ ಸಿಗರೇಟು ಸೇದುವುದುಂಟು. ನಾನು ಮೈಸೂರಿಗೆ ಹೋದಾಗ ಹೋಟೆಲಿನ ಮೂಲೆಯಲ್ಲಿ ಕೂತು ಒಂದು ಪ್ಲೇಟ್ ಬ್ರೊಕೋಲಿ ತಿಂದು, ಬಾಯಿ ಮುಕ್ಕಳಿಸಿ ಹುಣಸೂರಿನ ಬಸ್ಸು ಹತ್ತುತ್ತೇನೆ.