ಎರಡು ಒಂಬತ್ತು, ಸೊನ್ನೆ ಹದಿಮೂರು

ಯಾವುದಕ್ಕಾದರೂ ಬೆಲೆ ಬರಬೇಕಾದರೆ ಅದು ಬೇಕೆಂದಾಗ ಸಿಗಬಾರದು. ನಾನು ಮನೆಯಲ್ಲಿ ಕರೆದಾಗಲೆಲ್ಲ ಸಿಗುತ್ತೇನೆ. ನನ್ನ ಬೆಲೆ ಎಷ್ಟೆಂಬುದು ಅಮ್ಮ ಗ್ಯಾಸ್ ಸಿಲಿಂಡರ್ ಹೊರಿಸುವಾಗ ಗೊತ್ತಾಗುತ್ತದೆ. ಈ ಜ್ಞಾನೋದಯದಿಂದಲೇ ನಾನು ಲಿಮಿಟೆಡ್ ಎಡಿಷನ್ ಕಲಾವಿದನಾದದ್ದು. ಅಂದರೆ ಒಂದು ಚಿತ್ರವನ್ನು ಇಪ್ಪತ್ತೈದೇ ಪ್ರತಿ ಅಚ್ಚು ಹಾಕುವುದು, ಪ್ರತಿಯೊಂದರ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದರಿಂದ ಇಪ್ಪತ್ತೈದರ ತನಕ ನಂಬರು ಬರೆದು ಸಹಿ ಹಾಕುವುದು, ಆಮೇಲೆ ಯಾರು ಅತ್ತು ಕರೆದರೂ ಇಪ್ಪತ್ತಾರನೆಯದು ಇಲ್ಲ ಅನ್ನುವುದು. ನನ್ನ ಚಿತ್ರದಲ್ಲಿ ನಾಸಿಕದ ದ್ರಾಕ್ಷಿ ಗೊಂಚಲೊಂದು ಕಪ್ಪು ಕನ್ನಡಕ ಹಾಕಿಕೊಂಡು, ಗುಲಾಬಿ ಬಣ್ಣದ ಆಟೋದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದೆ. ಅಂಬಡ್‌ನ ಕಾರ್ಖಾನೆಯೊಂದರಲ್ಲಿ ಸ್ವಿಚ್ ಬೋರ್ಡುಗಳ ಮೇಲೆ ಕಂಪನಿಯ ಹೆಸರು ಒತ್ತುವ ಗೆಳೆಯನ ಮೇಜಿನ ಮೇಲೆ, ಅವನ ಊಟದ ವಿರಾಮಗಳಲ್ಲಿ ಹುಟ್ಟಿದ ಪಾಪ್ ಆರ್ಟ್ ಇದು. ಅಮ್ಮ ನೋಡಿ, "ದ್ರಾಕ್ಷಿಗಿ ಕಾಲ್ ಯಾಕೋ?" ಅಂದಳು. ನಮ್ಮ ಮನೆಯಲ್ಲಿ ಕಲಾವಿಮರ್ಶೆ ಅಷ್ಟಕ್ಕೇ ಮುಗಿಯುತ್ತದೆ.

ತೊಂದರೆ ಬಂದದ್ದು ನಂಬರಿನಿಂದ. ಸಂಭಾಜಿನಗರದ ಗ್ಯಾಲರಿಯ ಮೇಡಂ ಫೋನಿನಲ್ಲಿ, "ಮಲಾ ನಊಚ್ ಪಾಹಿಜೆ" ಎಂದರು. ಒಂಬತ್ತೇ ಬೇಕಂತೆ, ಲಕ್ಕಿಯಂತೆ. ಆಯ್ತು ಅಂದೆ. ಮರುದಿನ ನಾಸಿಕ್ ರೋಡಿನ ಶೆಟ್ಟರು, ಅಂದರೆ ನಮ್ಮಪ್ಪ ದಿನಾ ಬೆಳಿಗ್ಗೆ ಇಡ್ಲಿ ತಿನ್ನುವ ಹೋಟೆಲಿನ ಮಾಲೀಕರು, "ಒಂಬತ್ತು ಇದ್ರೆ ಕೊಡು ಮಾರಾಯ, ಕೌಂಟರಿನ ಹಿಂದೆ ಹಾಕ್ತೇನೆ" ಎಂದರು. ಅವರ ಕಾರು, ಸ್ಕೂಟರು, ಮೊಬೈಲು, ಯಾವುದರ ನಂಬರು ಕೂಡಿಸಿದರೂ ಒಂಬತ್ತೇ. ಅವರಿಗೂ ಆಯ್ತು ಅಂದೆ. ಇಲ್ಲ ಅನ್ನುವುದೊಂದು ಬಿಟ್ಟು ಉಳಿದೆಲ್ಲ ಮಾತೂ ನನಗೆ ಸಲೀಸು. ಇತ್ತ ಹದಿಮೂರನ್ನು ಕೇಳುವವರೇ ಇರಲಿಲ್ಲ. ಅದರ ನಂಬರು ಅಳಿಸಿ ಒಂಬತ್ತು ಮಾಡಿದೆ. ಒಂದು ನಾಸಿಕದ ಗೋಡೆ, ಇನ್ನೊಂದು ಸಂಭಾಜಿನಗರದ ಗೋಡೆ. ಗೋಡೆಗಳೇನು ಎದ್ದು ಹೋಗಿ ಭೇಟಿಯಾಗುತ್ತವೆಯೇ?

ಆದರೆ ನಮ್ಮಪ್ಪ ಇದ್ದಾರಲ್ಲ! ಭಾಲ್ಕಿಯಿಂದ ಬಂದು, ಇಡೀ ನೌಕರಿಯನ್ನು ನಾಸಿಕ್ ರೋಡಿನ ಸರಕಾರಿ ಪ್ರೆಸ್ಸಿನಲ್ಲಿ ಹಾಳೆ ಎಣಿಸುತ್ತ ಮುಗಿಸಿದವರು. ಒಂದು ಹಾಳೆ ಹೆಚ್ಚುಕಮ್ಮಿಯಾದರೆ ಯಾರೂ ಮನೆಗೆ ಹೋಗುವಂತಿಲ್ಲ ಎಂಬ ಶಿಸ್ತಿನವರು. ನಿವೃತ್ತರಾದ ಮೇಲೆ ಎಣಿಸಲು ಅವರಿಗೆ ಉಳಿದದ್ದು ಚಪಾತಿ ಮಾತ್ರ. ನಾನು ಥೇಟ್ ಅವರದೇ ದನಿಯಲ್ಲಿ "ಒಂದು ಕಮ್ಮಿ ಅದ" ಎಂದರೆ ಸಾಕು, ಅಮ್ಮ ಒಳಗಿನಿಂದ ಇನ್ನೊಂದು ತರುತ್ತಾಳೆ. ನಾನು ದಪ್ಪಗಾದದ್ದು ಹೀಗೆಯೇ. ದಾರಿಯಲ್ಲಿ ಶೆಟ್ಟರಿಗೆ ಅವರ ಪ್ರತಿ ಕೊಟ್ಟು, ಮೇಡಂ ಗ್ಯಾಲರಿಯ ಪ್ರದರ್ಶನಕ್ಕೆ ಬಸ್ಸು ಹಿಡಿಯಬೇಕಿದ್ದ ಬೆಳಿಗ್ಗೆ ಚಿತ್ರಗಳ ಕಟ್ಟು ಕಂಡದ್ದೇ ಅಪ್ಪನ ಬೆರಳು ಒದ್ದೆಯಾಯಿತು. ಸರಸರನೆ ಎಣಿಸಿ, "ಇಪ್ಪತ್ತೈದು. ಬರೋಬರ್ ಅದ" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಕನ್ನಡಕ ಹಾಕಿಕೊಂಡು ನಂಬರು ನೋಡತೊಡಗಿದರು.

"ಹದಿಮೂರು ಎಲ್ಲಿ ಅದ?"

"ಅದನ್ನ ಯಾರೂ ಕೇಳಲಿಲ್ಲಪ್ಪಾ."

"ಕೇಳಲಿಲ್ಲಂದ್ರ ಒಂಬತ್ತು ಎರಡ್ ಆಗ್ತಾವೇನೋ?"

ಬಸ್ಸು ಹೋಗುತ್ತದೆ ಎಂದೆ. "ಹೋಗ್ಲಿ" ಎಂದು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತರು. ಮೇಡಂ ಕಥೆ, ಶೆಟ್ಟರ ಕಥೆ ಎರಡನ್ನೂ ಒಪ್ಪಿಸಿದೆ. "ಮೊದಲ ಯಾರ್ ಕೇಳಿದ್ರು?" ಮೇಡಂ ಎಂದೆ. "ಹಂಗಾದ್ರ ಶೆಟ್ರ ಒಂಬತ್ತು ಅಳಿಸು. ಹದಿಮೂರು ಬರಿ. ಅವ್ರಿಗಿ ನೀನೇ ಹೇಳು." ಅಳಿಸಿದೆ, ಬರೆದೆ. ಕುರ್ಚಿ ಸರಿಯಿತು.

ಹೇಳುವ ಧೈರ್ಯ ಬಂದದ್ದು ಬಸ್ಸು ನಿಫಾಡ್ ದಾಟಿದ ಮೇಲೆ. ಅದೂ ನನ್ನ ಧೈರ್ಯವಲ್ಲ, ಅಪ್ಪನಿಂದ ಎರವಲು ತಂದದ್ದು. ಫೋನು ಹಚ್ಚಿ, ಗಂಟಲು ಒರಟು ಮಾಡಿಕೊಂಡು, "ಶೆಟ್ರ, ನಮಸ್ಕಾರ್ರಿ. ನಮ್ಮ ಹುಡುಗಂದು ತಪ್ಪಾಗ್ಯದ. ಬುದ್ಧಿ ಕಮ್ಮಿ ಅದರಿ ಅವಂಗ. ಒಂಬತ್ತು ನಿಮಗ ಸಿಗಂಗಿಲ್ಲ, ಮಾಫ್ ಮಾಡ್ರಿ" ಎಂದೆ. ಪಕ್ಕದ ಸೀಟಿನ ಅಜ್ಜ ನನ್ನ ಮುಖಕ್ಕೂ ದನಿಗೂ ತಾಳೆ ಹಾಕಿ ನೋಡಿ, ಮೆಲ್ಲನೆ ಕಿಟಕಿಯ ಕಡೆ ಸರಿದರು.

ಆ ಕಡೆಯಿಂದ ಶೆಟ್ಟರು ಹೇಳಿದರು: "ಅಲ್ಲ ಮಾರಾಯ, ನಿಮ್ಮಪ್ಪ ಇಲ್ಲೇ ನನ್ನೆದುರು ಕೂತಿದ್ದಾರೆ. ಈಗಷ್ಟೇ ಇದನ್ನೇ ಹೇಳಿದ್ರು, ಬುದ್ಧಿ ಕಮ್ಮಿ ಅನ್ನೋದನ್ನೂ ಸೇರಿಸಿ. ಎರಡೆರಡು ಅಪ್ಪಂದಿರು ಮಾಫಿ ಕೇಳಿ ಆಯ್ತು. ನೀನು ಯಾವಾಗ ಕೇಳುವುದು?"

ಯಾರ ದನಿಯೂ ಬೆರೆಸದೆ, ಜನ್ಮದಲ್ಲಿ ಮೊದಲ ಸಲ ನನ್ನದೇ ಗಂಟಲಿನಿಂದ, "ತಪ್ಪಾಯಿತು ಶೆಟ್ರೇ" ಎಂದೆ.

ಶೆಟ್ಟರು ಕೇಳಿದರು: "ಹಲೋ, ಯಾರು ಮಾತಾಡುವುದು?"